ಒಂದು ಬೆರಳಿನ ಮಡಿಕೆ

ಅಪ್ಪನಿಗೆ ನೋವು ಬಂದಿದೆ ಎಂದು ನಮಗೆ ತಿಳಿಯುತ್ತಿದ್ದುದು ಅವನ ಬಾಯಿಂದಲ್ಲ, ಕತ್ತರಿಯಿಂದ. ಮೇಜಿನ ಮೇಲೆ ಹರಡಿದ ಬಟ್ಟೆಯಲ್ಲಿ ಆ ದೊಡ್ಡ ಕತ್ತರಿ ಕರ್ ಕರ್ ಎಂದು ಸಾಗುತ್ತಿದ್ದುದು ಥಟ್ಟನೆ ನಿಂತರೆ, ಹೊಲಿಗೆ ಯಂತ್ರದ ಮುಂದೆ ಕೂತ ಅಮ್ಮ ಕಾಲು ನಿಲ್ಲಿಸುತ್ತಿದ್ದಳು. ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ನಾನು ಸೂಜಿ ಹಿಡಿದು ಕಾಯುತ್ತಿದ್ದೆ. ಯಾರೂ ತಲೆ ಎತ್ತುತ್ತಿರಲಿಲ್ಲ. ಕತ್ತರಿ ಮತ್ತೆ ಕರ್ ಎಂದ ಮೇಲೆ ಮೂವರೂ ಉಸಿರು ಬಿಡುತ್ತಿದ್ದೆವು.

ಸೊಂಟದಲ್ಲಿ ಹುಟ್ಟಿ ಬಲತೊಡೆಯ ಹಿಂಭಾಗದಿಂದ ಇಳಿದು ಹಿಮ್ಮಡಿಯವರೆಗೆ ಹೋಗುವ ನೋವು. ‘ಒಳಗೆ ಯಾರೋ ಬೆಂಕಿ ಹತ್ತಿದ ದಾರ ಎಳೀತಿದ್ದಾರೆ’ ಎಂದು ಒಮ್ಮೆ ಹೇಳಿದ್ದ, ಅಷ್ಟೇ. ಬೆನ್ನುಮೂಳೆಯ ಮಣಿಗಳ ನಡುವಿನ ಡಿಸ್ಕ್ ಉಬ್ಬಿ ಕಾಲಿನ ನರವನ್ನು ಒತ್ತುತ್ತಿದೆ, ಇದಕ್ಕೆ ಸಯಾಟಿಕಾ ಎನ್ನುತ್ತಾರೆ ಎಂದು ಡಾಕ್ಟರು ಹೇಳಿ ಮಾತ್ರೆ ಬರೆದುಕೊಟ್ಟಿದ್ದರು. ಆರು ತಿಂಗಳಾದರೂ ಅದು ಬಿಟ್ಟು ಹೋಗಿರಲಿಲ್ಲ.

ನಮ್ಮ ಅಂಗಡಿಯಲ್ಲಿ ಕತ್ತರಿಸುವುದು ಅಪ್ಪ, ಹೊಲಿಯುವುದು ಅಮ್ಮ. ಮೂವತ್ತು ವರ್ಷಗಳಿಂದ ಹೀಗೆಯೇ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಅಪ್ಪ ಗಿರಾಕಿಗಳ ಆಳೆತ್ತರದ ಕನ್ನಡಿಯ ಮುಂದೆ ನಿಲ್ಲುತ್ತಿದ್ದ. ಮುಖ ನೋಡಿಕೊಳ್ಳುತ್ತಿರಲಿಲ್ಲ, ಅಂಗಿಯ ಕೆಳಗಿನ ಅಂಚು ನೋಡುತ್ತಿದ್ದ. ಎಡಬಲ ಎರಡೂ ಸಮನಾಗಿದ್ದರೆ ಕೆಲಸ ಶುರು. ‘ದರ್ಜಿಯ ಅಂಗಿ ಸೊಟ್ಟ ಇದ್ರೆ ಗಿರಾಕಿ ಹೊಸ್ತಿಲಿಂದಲೇ ವಾಪಸ್’ ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಬ್ಯಾಂಡ್ ಮಾಸ್ಟರ್ ಬಂದರು. ಊರಿನ ಬ್ಯಾಂಡನ್ನು ಇಪ್ಪತ್ತು ವರ್ಷ ನಡೆಸಿದವರು, ಅಪ್ಪನ ಜೊತೆ ಒಂದೇ ಬೆಂಚಿನಲ್ಲಿ ಓದಿದವರು. ಅವರ ದನಿಗೆ ಗಾಜಿನ ಬೀರು ನಡುಗುತ್ತದೆ.

‘ಲೋ, ಎರಡು ತಿಂಗಳಿಗೆ ನನ್ನ ಕೊನೇ ಕಾರ್ಯಕ್ರಮ ಕಣೋ. ನಾನು ಕೋಲು ಕೆಳಗಿಡೋ ದಿನ ನೀನು ಕತ್ತರಿಸಿದ ಕೋಟೇ ಮೈಮೇಲಿರ್ಬೇಕು.’

‘ನೋಡೋಣ,’ ಎಂದ ಅಪ್ಪ.

ಅಪ್ಪ ‘ನೋಡೋಣ’ ಎನ್ನುವ ಮನುಷ್ಯನಲ್ಲ; ‘ಮಂಗಳವಾರ ಬಾ’ ಎನ್ನುವವನು.

ಬ್ಯಾಂಡ್ ಮಾಸ್ಟರ್ ಕುರ್ಚಿ ಎಳೆದುಕೊಂಡು ಕೂತರು. ‘ನಮ್ಮ ಡೋಲಿನವನಿಗೂ ಇದೇ ಕಾಟ ಇತ್ತು. ಸೊಂಟ ಎಳೆಯೋ ಯಂತ್ರ ಒಂದು ಬಂದಿದೆ. ಡಿಕಂಪ್ರೆಷನ್ ಅಂತೆ. ಹತ್ತು ಸಲ ಎಳೆದ್ರು ನೋಡು, ಈಗ ಡೋಲು ಕಟ್ಕೊಂಡು ಕುಣೀತಾನೆ.’

‘ಎಳೆಯೋಕೆ ಇವರೇನು ಒಗೆದು ಕುಗ್ಗಿದ ಬಟ್ಟೆನಾ ಅಣ್ಣ?’ ಅಮ್ಮ ಹೊಲಿಗೆ ಯಂತ್ರದ ಹಿಂದಿನಿಂದ ಕೇಳಿದಳು.

‘ಕುಗ್ಗಿದ್ದಾನಲ್ಲ ತಂಗಿ. ಎಡಕ್ಕೆ ವಾಲ್ಕೊಂಡು ನಡೀತಾನೆ, ನಿನ್ನ ಕಣ್ಣಿಗೆ ಬಿದ್ದಿಲ್ವಾ?’

‘ಎಲ್ಲಿ ವಾಲಿದ್ದೀನಿ?’ ಅಪ್ಪ ಕನ್ನಡಿಯತ್ತ ಕೈ ತೋರಿಸಿದ. ‘ಅಂಗಿ ನೋಡು, ದಾರ ಹಿಡಿದ ಹಾಗಿದೆ.’

ನಿಜ, ಅಂಗಿ ನೆಟ್ಟಗಿತ್ತು. ಅಮ್ಮ ಮಾತ್ರ ಮುಗಿದ ಹೊಲಿಗೆಯ ಮೇಲೆಯೇ ಮತ್ತೊಂದು ಹೊಲಿಗೆ ಹಾಕಿದಳು.

ಅವರು ಹೋದ ಮೇಲೆ ಅಪ್ಪ ಕತ್ತರಿಯನ್ನು ಒರೆಸುತ್ತ ಅಮ್ಮನಿಗೆ ಹೇಳಿದ: ‘ಈ ಕೋಟು ನನ್ನಿಂದ ಆಗದಿದ್ರೆ ಕತ್ತರಿ ನಿಂಗೇ. ನಾನು ಗುಂಡಿ ಹಚ್ಕೊಂಡು ಕೂರ್ತೀನಿ.’

‘ಹಾಗಾದ್ರೆ ನಾನೆಲ್ಲಿ ಹೋಗ್ಲಿ?’ ಎಂದೆ ನಾನು. ನಗು ಬರಲಿಲ್ಲ ಯಾರಿಗೂ. ಐದು ನಿಮಿಷಕ್ಕಿಂತ ಹೆಚ್ಚು ಮೇಜಿನ ಮುಂದೆ ನಿಲ್ಲಲಾಗದವನು ಕೋಟು ಕತ್ತರಿಸಲಾರ ಎಂಬುದು ಮೂವರಿಗೂ ಗೊತ್ತಿತ್ತು. ಕತ್ತರಿ ಕೆಳಗಿಟ್ಟ ಅಪ್ಪನನ್ನು ಊಹಿಸಿಕೊಳ್ಳಲು ಮಾತ್ರ ನನ್ನಿಂದ ಆಗಲಿಲ್ಲ.

ಆ ವಾರವೇ ಅವನನ್ನು ಆ ಯಂತ್ರವಿದ್ದ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಫಿಸಿಯೋ ಮೇಡಂ ನನ್ನ ವಯಸ್ಸಿನವಳೇ. ಕಾಲು ಎತ್ತಿಸಿ, ಪಾದ ಒತ್ತಿಸಿ, ಡಾಕ್ಟರ ಚೀಟಿ ಓದಿ ನೋಡಿದಳು.

‘ಇದರಿಂದ ಗುಣ ಆಗುತ್ತಾ?’ ಅಪ್ಪ ನೇರವಾಗಿ ಕೇಳಿದ.

‘ಕೆಲವರಿಗೆ ಹಗುರ ಅನ್ಸುತ್ತೆ ಅಂಕಲ್. ಯಂತ್ರದಿಂದಲೇ ಆಯ್ತು ಅಂತ ಎದೆ ಮುಟ್ಕೊಂಡು ಹೇಳೋಷ್ಟು ಪುರಾವೆ ಇಲ್ಲ. ಎಷ್ಟೋ ಜನಕ್ಕೆ ದಿನ ಕಳೆದ ಹಾಗೆ ತಾನಾಗೇ ಕಮ್ಮಿ ಆಗುತ್ತೆ. ಹನ್ನೆರಡು ಸಲ ಮಾಡಿ ನೋಡೋಣ. ಆದ್ರೆ ವ್ಯಾಯಾಮ, ನಡಿಗೆ ಬಿಡೋ ಹಾಗಿಲ್ಲ.’

‘ನಿಮ್ಮ ಯಂತ್ರದ ಬಗ್ಗೆ ನೀವೇ ಹೀಗೆ ಹೇಳಿದ್ರೆ ಗಿರಾಕಿ ಬರ್ತಾರಾ?’

‘ಬಣ್ಣ ಹೋಗೋ ಬಟ್ಟೇನ ಹೋಗಲ್ಲ ಅಂತ ನೀವು ಹೇಳ್ತೀರಾ?’

ಅಪ್ಪನಿಗೆ ಅವಳು ಹಿಡಿಸಿದಳು.

‘ಇನ್ನೊಂದು ವಿಷ್ಯ. ಮೂತ್ರ ಕಟ್ಟಿದ್ರೆ, ತೊಡೆಸಂದು ಮರಗಟ್ಟಿದ್ರೆ, ಪಾದ ಎತ್ತೋಕಾಗದಿದ್ರೆ ಇಲ್ಲಿಗೆ ಬರಬೇಡಿ. ನೇರ ಆಸ್ಪತ್ರೆಗೆ ಓಡಿ.’

‘ಪಾದ ಎತ್ತೋಕಾಗದಿದ್ರೆ ಓಡೋದು ಹೇಗಮ್ಮ?’

ಯಂತ್ರವೆಂದರೆ ನಡುವೆ ಸೀಳಿದ ಮಂಚ. ಎದೆಗೊಂದು ಪಟ್ಟಿ, ಸೊಂಟಕ್ಕೊಂದು ಪಟ್ಟಿ. ಮಲಗುವ ಮೊದಲು ಅಪ್ಪ ಪಟ್ಟಿಯನ್ನು ಬೆರಳಲ್ಲಿ ಉಜ್ಜಿ ನೋಡಿದ. ‘ಯಾರು ಹೊಲಿದಿದ್ದು? ಒಂದೇ ಸಾಲು. ಎಳೆತ ಬೀಳೋ ಕಡೆ ಎರಡು ಸಾಲು ಬೇಕು.’ ಮಂಚದ ಕೆಳಭಾಗ ನಿಧಾನವಾಗಿ ಜಾರಿ ಅವನನ್ನು ಎಳೆಯಿತು, ಸ್ವಲ್ಪ ಹೊತ್ತು ಹಿಡಿದಿಟ್ಟಿತು, ಸಡಿಲಿಸಿತು. ಮತ್ತೆ ಎಳೆಯಿತು. ಅರ್ಧ ಗಂಟೆ ಆ ಕೋಣೆಯಲ್ಲಿ ಗುಂಯ್ ಎನ್ನುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅಪ್ಪ ಕಣ್ಣು ಮುಚ್ಚಿದ್ದ. ಕೈ ಮಾತ್ರ, ಬೆರಳು ಮಡಚಿ, ಗಾಳಿಯಲ್ಲಿ ಕತ್ತರಿ ಹಿಡಿದಿತ್ತು.

ಬೆಳಿಗ್ಗೆ ಸಂಜೆ ಅಮ್ಮ ಅವನನ್ನು ಗುಂಡಿ ಅಂಗಡಿಯವರೆಗೆ ನಡೆಸುತ್ತಿದ್ದಳು. ‘ನಡೀರಿ, ಒಂದು ಡಜನ್ ಗುಂಡಿ ತರೋಣ.’ ‘ನಿನ್ನೆ ತಂದಿದ್ದೀವಲ್ಲೇ?’ ‘ನಿನ್ನೆ ತಂದಿದ್ದು ನಾಲ್ಕು ತೂತಿಂದು.’ ನನ್ನ ಮೂಲೆಯಲ್ಲಿ ಗುಂಡಿಯ ಡಬ್ಬಗಳು ಗೋಪುರವಾದವು. ಐದನೆಯ ಸಲದ ಹೊತ್ತಿಗೆ ನೋವು ಹಿಮ್ಮಡಿ ಬಿಟ್ಟು ಮೊಣಕಾಲಿಗೆ ಏರಿತು, ಎಂಟನೆಯದಕ್ಕೆ ತೊಡೆಯಲ್ಲಿ ಉಳಿಯಿತು. ನೋವು ಹೀಗೆ ಮೇಲಕ್ಕೆ ಸರಿಯುವುದು ಒಳ್ಳೆಯ ಲಕ್ಷಣ ಎಂದಳು ಮೇಡಂ.

ಒಂಬತ್ತನೆಯ ಸಲವಾದ ಮರುದಿನ ಬೆಳಿಗ್ಗೆ ಅಪ್ಪ ಕನ್ನಡಿಯ ಮುಂದೆ ತುಂಬ ಹೊತ್ತು ನಿಂತ. ಅಂಗಿ ಎಳೆದುಕೊಂಡ, ಬಿಟ್ಟ, ಮತ್ತೆ ಎಳೆದುಕೊಂಡ. ಒಳಗೆ ಹೋಗಿ ಬೇರೆ ಅಂಗಿ ಹಾಕಿಕೊಂಡು ಬಂದು ಮತ್ತೆ ನಿಂತ. ‘ಇವತ್ತು ಹೋಗೋಣ್ವಾ?’ ಎಂದರೆ ‘ಬೇಡ’ ಎಂದ. ಮರುದಿನವೂ ಬೇಡ. ನಾಲ್ಕು ದಿನ ಕತ್ತರಿ ಮುಟ್ಟಲಿಲ್ಲ. ನೋವು ಮರಳಿತೇ ಎಂದರೆ ಇಲ್ಲವೆಂದ. ಅಮ್ಮನೂ ನಾನೂ ಅಡುಗೆಮನೆಯಲ್ಲಿ ಪಿಸುಗುಟ್ಟಿ ಸೋತೆವು.

ಐದನೆಯ ದಿನ ಬ್ಯಾಂಡ್ ಮಾಸ್ಟರ್ ಕೆಂಪು ಬಟ್ಟೆ ಹೊತ್ತು ಬಂದರು. ‘ತಗೊಳ್ಳೋ ಅಳತೆ! ಹೊಟ್ಟೆ ಒಳಗೆಳ್ಕೋ ಅಂತ ಮಾತ್ರ ಅನ್ಬೇಡ.’

ಅಪ್ಪ ಎದ್ದು ಕತ್ತರಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅಮ್ಮನ ಮುಂದಿಟ್ಟ.

‘ಏನ್ರೀ ಇದು?’

‘ನೋವು ಕಮ್ಮಿಯಾಗಿದೆ. ಅದು ಇದ್ರೂ ಸಹಿಸ್ತಿದ್ದೆ. ಆದ್ರೆ ಆ ಯಂತ್ರ ನನ್ನ ಬಲಕ್ಕೆ ಬಗ್ಗಿಸಿಬಿಟ್ಟಿದೆ. ಸೊಟ್ಟ ನಿಂತವನ ಕತ್ತರಿ ಸೊಟ್ಟಗೇ ಹೋಗುತ್ತೆ. ಇವನ ಕೊನೇ ಕೋಟು ನಾನು ಕೆಡಿಸಲ್ಲ.’

‘ಯಾರು ಹೇಳಿದ್ದು ಬಗ್ಗಿದ್ದೀರಿ ಅಂತ?’

‘ಯಾರು ಹೇಳ್ಬೇಕು? ಅಂಗಿ ನೋಡು. ಬಲಗಡೆ ಒಂದು ಬೆರಳು ಇಳಿದಿದೆ. ಮೂರು ಅಂಗಿ ಹಾಕಿ ನೋಡ್ದೆ, ಮೂರೂ ಹಾಗೇ. ಎಳೆಸ್ಕೊಳ್ಳೋ ಮೊದಲು ನೆಟ್ಟಗಿದ್ದೆ.’

ಅಮ್ಮ ಅಂಗಿಯ ಅಂಚನ್ನು ನೋಡಿದಳು. ಅಪ್ಪನ ಭುಜ ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅಲುಗಾಡತೊಡಗಿದಳು. ಅಳುತ್ತಿದ್ದಾಳೆ ಎಂದುಕೊಂಡು ನಾನು ಓಡಿ ಹೋದೆ. ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು.

‘ಅಯ್ಯೋ ನನ್ನ ಕರ್ಮವೇ! ಎಡಗಡೆ ಮಡಿಕೆ ಹಾಕಿದ್ದು ನಾನೇ ಕಣ್ರೀ!’

‘ಏನು ಮಡಿಕೆ?’

‘ಆರು ತಿಂಗಳಿಂದ ನೀವು ಎಡಕ್ಕೆ ವಾಲ್ತಾ ಇದ್ರಿ. ಅಂಗಿ ಎಡಗಡೆ ಜೋತುಬೀಳ್ತಿತ್ತು. ಬೆಳಿಗ್ಗೆ ಕನ್ನಡೀಲಿ ಅದನ್ನ ನೋಡಿದ್ರೆ ನೀವು ಅವತ್ತೇ ಕತ್ತರಿ ಇಡ್ತಿದ್ರಿ. ಅದಕ್ಕೇ ಇರೋ ಅಂಗಿಗೆಲ್ಲ ಎಡಗಡೆ ಒಂದು ಬೆರಳು ಒಳಗೆ ಮಡಿಚಿ ಹೊಲಿದೆ.’

ಅಪ್ಪ ಅಂಗಿಯ ಅಂಚನ್ನು ತಿರುಗಿಸಿ ನೋಡಿದ. ಮೂವತ್ತು ವರ್ಷ ಬೇರೆಯವರ ಹೊಲಿಗೆಯಲ್ಲಿ ತಪ್ಪು ಹುಡುಕಿದವನು ತನ್ನ ಮೈಮೇಲಿನದನ್ನು ಕಂಡಿರಲಿಲ್ಲ.

‘ಕೈಹೊಲಿಗೆ,’ ಎಂದ ಕೊನೆಗೆ. ‘ಚೆನ್ನಾಗಿ ಹಾಕಿದ್ದೀಯ. ಕಾಣೋದೇ ಇಲ್ಲ.’

ಅಮ್ಮ ಉದ್ದನೆಯ ದಾರದ ತುದಿಗೆ ಕೋಟಿನ ಗುಂಡಿ ಕಟ್ಟಿ ಅವನ ಕತ್ತಿನ ಹಿಂಭಾಗದಿಂದ ಇಳಿಬಿಟ್ಟಳು. ಬ್ಯಾಂಡ್ ಮಾಸ್ಟರ್ ಮಂಡಿಯೂರಿ ನೋಡಿದರು. ಗುಂಡಿ ತೂಗಾಡಿ, ನಿಂತು, ಎರಡು ಹಿಮ್ಮಡಿಗಳ ನಟ್ಟನಡುವೆ ಬಂದಿತು.

‘ನೆಟ್ಟಗಿದ್ದೀಯಲ್ಲೋ ಕತ್ತೆ! ನಾನು ಹೇಳಿರ್ಲಿಲ್ವಾ, ಯಂತ್ರ ಅಂದ್ರೆ ಯಂತ್ರ!’

‘ಯಂತ್ರವಂತೆ,’ ಅಮ್ಮ ಮೂಗು ಮುರಿದಳು. ‘ಗುಂಡಿ ಅಂಗಡಿಗೆ ದಿನಾ ಎರಡು ಸಲ ಇವರನ್ನ ಎಳ್ಕೊಂಡು ಹೋಗಿದ್ದು ಯಾರು?’

ಉಳಿದ ಮೂರು ಸಲಕ್ಕೆ ಹೋದಾಗ ಮೇಡಂಗೆ ಇದನ್ನು ಹೇಳಿದೆ. ಯಂತ್ರವೋ, ನಡಿಗೆಯೋ, ಕಳೆದ ದಿನಗಳೋ, ಬೇರೆ ಬೇರೆ ಮಾಡಿ ತೂಗಲು ತನಗೂ ಬರುವುದಿಲ್ಲ ಎಂದು ಅವಳು ನಕ್ಕಳು. ಆದರೆ ಅದು ಆಮೇಲಿನ ಮಾತು. ಅವತ್ತು ಅಪ್ಪ ಕತ್ತರಿಯನ್ನು ಅಮ್ಮನ ಮುಂದಿನಿಂದ ವಾಪಸು ತೆಗೆದುಕೊಂಡು, ಟೇಪು ಕೊರಳಿಗೆ ಹಾಕಿಕೊಂಡು, ‘ಹೊಟ್ಟೆ ಒಳಗೆಳ್ಕೋ’ ಎಂದ.

ಕೆಂಪು ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಬಿತ್ತು. ಕತ್ತರಿ ಹೊರಟಿತು. ಅಮ್ಮ ಯಂತ್ರ ತುಳಿಯಲಿಲ್ಲ, ನಾನು ಸೂಜಿ ಎತ್ತಲಿಲ್ಲ. ಬ್ಯಾಂಡ್ ಮಾಸ್ಟರ್ ಕೂಡ, ಯಾಕೆಂದು ತಿಳಿಯದೆಯೇ, ಬಾಯಿ ಮುಚ್ಚಿಕೊಂಡು ನಿಂತರು. ಬೆನ್ನಿನ ಭಾಗ ಮುಗಿಯಿತು. ಎದೆಯ ಭಾಗ ಮುಗಿಯಿತು. ಒಂದು ತೋಳಿನ ನಡುವೆ ಸದ್ದು ನಿಂತಿತು.

‘ಮಂಗಳವಾರ ಬಾ,’ ಎಂದ ಅಪ್ಪ ಬಗ್ಗಿದಲ್ಲಿಂದಲೇ, ಮತ್ತೆ ಕತ್ತರಿಸುತ್ತ.

ಅಂದು ಸಂಜೆ ಅಮ್ಮ ಅವನ ಅಂಗಿಗಳ ಮಡಿಕೆ ಬಿಚ್ಚಲು ಕೂತಳು. ಒಳಗೆ ಅವಿತಿದ್ದ ಬಟ್ಟೆಯ ಪಟ್ಟಿಗೆ ಇನ್ನೂ ಹೊಸ ಬಣ್ಣ. ಎರಡು ಬಿಚ್ಚಿ ಮೂರನೆಯದಕ್ಕೆ ಕೈ ಹಾಕಿದಾಗ ಅಪ್ಪ ತಡೆದ.

‘ಅದೊಂದು ಹಾಗೇ ಇರ್ಲಿ.’

‘ಯಾಕ್ರೀ, ಸೊಟ್ಟ ಅಂಗಿ ಹಾಕ್ಕೊಂಡು ತಿರುಗ್ತೀರಾ?’

‘ವಾರಕ್ಕೊಂದು ಸಲ ಹಾಕಿ ನೋಡ್ತೀನಿ. ಅದು ನೆಟ್ಟಗೆ ಕಂಡ್ರೆ ನಾನು ಮತ್ತೆ ವಾಲಿದ್ದೀನಿ ಅಂತ; ಅವತ್ತು ಆ ಹುಡುಗಿ ಹೇಳಿಕೊಟ್ಟ ವ್ಯಾಯಾಮ ಎರಡು ಸಲ ಮಾಡ್ಬೇಕು.’

ಅಮ್ಮ ಅಂಗಿಯನ್ನು ಮಡಚಿ ಪಕ್ಕಕ್ಕಿಟ್ಟಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಳು.

‘ನಡೀರಿ, ಗುಂಡಿ ತರೋಣ.’