ಡಾಂಬರಿನ ಹಿಮ್ಮಡಿ

ನಾನು ಒಂದು ಜಮಖಾನ. ನೆಲಕ್ಕೆ ಹಾಸುವ ವಸ್ತುವಿಗೆ ಇಷ್ಟೊಂದು ಸಿಟ್ಟು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಕೂತವರ ಭಾರ ಹೊರುವುದು ನನ್ನ ಕೆಲಸ. ಅದರ ಬಗ್ಗೆ ನನಗೆ ಎಂದೂ ತಕರಾರಿಲ್ಲ. ನನ್ನ ತಕರಾರು ಇರುವುದು ಒಬ್ಬನೇ ಒಬ್ಬನ ಮೇಲೆ. ಅವನು ನನ್ನ ಮೇಲೆ ಕೂರಲಿಲ್ಲ, ಬೂಟು ಹಾಕಿಕೊಂಡು ತುಳಿದ. ಅವನ ಹಿಮ್ಮಡಿಯ ಗುರುತು ಇವತ್ತಿಗೂ ನನ್ನ ಮೈಮೇಲೆ, ಬಲಗಡೆಯ ನವಿಲಿನ ಬಾಲದ ಹತ್ತಿರ ಕರ್ರಗೆ ಕೂತಿದೆ. ನನ್ನ ಕತೆ ಕೇಳುವವರು ಮೊದಲು ಆ ಕಲೆಯನ್ನು ನೋಡಿಕೊಂಡು ಆಮೇಲೆ ಮುಂದಕ್ಕೆ ಬರಬೇಕು.

ನಾನು ಹುಟ್ಟಿದ್ದು ನವಲಗುಂದದಲ್ಲಿ, ಹುಸೇನಬಿ ಎಂಬ ಹೆಂಗಸಿನ ಪಡಸಾಲೆಯಲ್ಲಿ. ಗೋಡೆಯ ಪಕ್ಕ ನಿಲ್ಲಿಸಿದ ಮಗ್ಗದ ಮುಂದೆ ಅವಳು ಮಗಳನ್ನು ಜೊತೆಗೆ ಕೂರಿಸಿಕೊಂಡು ನೇಯುತ್ತಿದ್ದಳು. ಒಂದೊಂದು ಎಳೆ ದಾಟಿಸಿದ ಮೇಲೂ ಕಬ್ಬಿಣದ ಹಲ್ಲುಗಳ ಪಂಜಾದಿಂದ ನನಗೆ ಬಡಿಯುತ್ತಿದ್ದಳು. ಕೆಂಪು, ಹಳದಿ, ಹಸಿರು ನೂಲಿನ ನಡುವೆ ಎರಡು ನವಿಲು ಮೂಡಿದವು, ಮಧ್ಯದಲ್ಲಿ ಪಗಡೆಯ ಹಾಸು. ಬಡಿಯುವಾಗ ಅವಳಿಗೆ ನನ್ನ ಜೊತೆ ಮಾತಾಡುವ ಚಟ. "ಗಟ್ಟಿಯಾಗು. ನಿನ್ನ ಮ್ಯಾಲ ಕೂಸು ಮಲಗಲಿ, ಮುದುಕರು ಕುಂದರಲಿ. ಕಾಲಾಗಿನ ಚಪ್ಪಲಿ ಕಳೀದ ಬಂದಾಂವ ಮಾತ್ರ ಉದ್ಧಾರ ಆಗಬಾರದು ನೋಡು!" ಎನ್ನುತ್ತಿದ್ದಳು. ಆ ಮಾತು ನನ್ನ ನೂಲಿನ ಒಳಗೇ ಸೇರಿಕೊಂಡಿತು ಎಂದು ಈಗ ಅನ್ನಿಸುತ್ತದೆ.

ಅಲ್ಲಿಂದ ನಾನು ವ್ಯಾಪಾರಿಯೊಬ್ಬನ ಗಂಟಿನಲ್ಲಿ ಧಾರವಾಡಕ್ಕೆ ಬಂದೆ. ತಂಗೆವ್ವ ಎಂಬ ತಾಯಿ ಮಗನ ಮದುವೆಗೆಂದು ನನ್ನನ್ನು ಕೊಂಡಳು. ಮಗ ಫಕೀರಪ್ಪನದು ಸೈಕಲ್ ರಿಪೇರಿ ಅಂಗಡಿ. ಬಂದ ಸೊಸೆ ನೀಲವ್ವ. ಮದುವೆಯ ದಿನ ಬೀಗರು ನನ್ನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ನನ್ನ ನವಿಲುಗಳನ್ನು ಹೊಗಳಿದರು. ಆಮೇಲೆ ನಾನು ಟ್ರಂಕಿನ ತಳ ಸೇರಬೇಕಿತ್ತು. ಎಲ್ಲರ ಮನೆಯಲ್ಲೂ ಆಗುವುದು ಅದೇ. ಆದರೆ ಈ ನೀಲವ್ವ ಮನೆಯೊಳಗೆ ಕೂರುವ ಹೆಣ್ಣಾಗಿರಲಿಲ್ಲ.

ಅವರದು ಒಂದೇ ಕೋಣೆಯ ಬಾಡಿಗೆ ಮನೆ. ಇಬ್ಬರು ಹೆಣ್ಣುಮಕ್ಕಳಾದ ಮೇಲೆ ಕಾಲು ಚಾಚಲೂ ಜಾಗವಿರಲಿಲ್ಲ. ಅಷ್ಟರಲ್ಲಿ ತಂಗೆವ್ವನ ಕಣ್ಣು ಪೂರ್ತಿ ಹೋಗಿತ್ತು. ರವಿವಾರ ಬಂತೆಂದರೆ ನೀಲವ್ವ ಸೆರಗು ಸಿಗಿಸಿ, "ಊರು ಇಷ್ಟು ದೊಡ್ಡದ ಐತಿ, ನಾವ್ಯಾಕ ಈ ಗೂಡಿನಾಗ ಕುಂದರಬೇಕು? ಏಳ್ರಿ ಎಲ್ಲಾರೂ!" ಎಂದು ಹೊರಡಿಸುತ್ತಿದ್ದಳು. ನನ್ನನ್ನು ಸುತ್ತಿ ಸೈಕಲ್ಲಿನ ಹಿಂದೆ ಕಟ್ಟಿ, ನನ್ನ ಮೇಲೆ ತಂಗೆವ್ವನನ್ನು ಕೂರಿಸಿ, ಫಕೀರಪ್ಪ ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದ. ರೊಟ್ಟಿ, ಶೇಂಗಾ ಚಟ್ನಿಯ ಗಂಟು ಮಕ್ಕಳ ಕೈಯಲ್ಲಿ.

ಕಾಸು ಬಿಚ್ಚದೆ ನಾವು ನೋಡದ ಸೊಗಸಿಲ್ಲ. ಕೆಲಗೇರಿ ಕೆರೆಯ ದಂಡೆಯಲ್ಲಿ ಸೂರ್ಯ ಮುಳುಗುವುದನ್ನು ನೋಡಿದೆವು. ಕಾಲೇಜು ಮೈದಾನದ ಬೇಲಿಯಾಚೆ ಕೂತು ಯಾರ್ಯಾರದೋ ಕ್ರಿಕೆಟ್ಟಿಗೆ ಚಪ್ಪಾಳೆ ಹೊಡೆದೆವು. ರೈಲು ಸೇತುವೆಯ ಪಕ್ಕದ ದಿಬ್ಬದ ಮೇಲೆ ಕೂತು ಬೋಗಿಯಲ್ಲಿದ್ದವರಿಗೆಲ್ಲ ಕೈ ಬೀಸಿದೆವು. ಸಭಾಭವನಗಳಲ್ಲಿ ಉಪನ್ಯಾಸ ಕೇಳಿದೆವು; ಮಾತು ಅರ್ಥವಾಗದಿದ್ದರೂ ಕೊನೆಗೆ ಕೊಡುವ ಚಹಾ ಎಲ್ಲರಿಗೂ ಅರ್ಥವಾಗುತ್ತಿತ್ತು. ಎಲ್ಲಿಗೆ ಹೋದರೂ ನೀಲವ್ವ ಅತ್ತೆಯ ಕಿವಿಯಲ್ಲಿ, "ಅತ್ತೀ, ಈಗ ನೀರು ಕುಂಕುಮದಂಗ ಆತು ನೋಡ್ರಿ, ಒಂದು ಬೆಳ್ಳಕ್ಕಿ ಬಂತು, ಮೀನು ಸಿಗಲಿಲ್ಲ ಅದಕ" ಎಂದು ಹೇಳುತ್ತಲೇ ಇರುತ್ತಿದ್ದಳು. ಕಣ್ಣಿದ್ದವರಿಗಿಂತ ಮುದುಕಿಯೇ ಹೆಚ್ಚು ನೋಡುತ್ತಿದ್ದಳು.

ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಹೊಂಡದ ತೋಟದ ಗುರುವಾರ. ತೋಟದ ನಡುವೆ ಒಂದು ದೊಡ್ಡ ಮಳೆಮರವಿತ್ತು. ಗುರುವಾರ ಸಂಜೆ ಅದರ ಕೆಳಗೆ ದತ್ತೋಪಂತ ಮಾಸ್ತರರು, ಶಾಲೆಯಿಂದ ನಿವೃತ್ತರಾದ ಮೇಲೆ ಹಿಡಿದ ಹಾರ್ಮೋನಿಯಂ ಇಟ್ಟುಕೊಂಡು ಹಾಡುತ್ತಿದ್ದರು. ಸುತ್ತಲಿನ ಓಣಿಯವರು ತಮ್ಮ ತಮ್ಮ ಹಾಸು ತಂದು ಹಾಸಿ ಕೂರುತ್ತಿದ್ದರು. ಮೊದಲು ಬಂದವರದು ಮುಂದಿನ ಜಾಗ. ತಡವಾಗಿ ಬಂದವರು ಚಪ್ಪಲಿ ಬಿಟ್ಟು, ಬಾಗಿ, ಅಂಚಿನಿಂದ ದಾಟಬೇಕು. ಯಾರೂ ಬರೆದಿಡದ ಈ ಕಾನೂನನ್ನು ಯಾರೂ ಮುರಿಯುತ್ತಿರಲಿಲ್ಲ. ನನ್ನ ಜಾಗ ಮರದ ಬುಡದ ಬೇರಿನ ಪಕ್ಕ. ಆ ಬೇರಿಗೆ ಬೆನ್ನು ಕೊಟ್ಟು ಕೂತ ತಂಗೆವ್ವ ಹಾಡು ಮುಗಿಯುವ ತನಕ ನನ್ನ ನೂಲಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದಳು.

ಈಗ ಅವನು ಬರುತ್ತಾನೆ. ಹೆಸರು ಚನ್ನವೀರಪ್ಪ ಮೊರಬದ. ತೋಟ ಸುಧಾರಿಸಲೆಂದು ಒಂದು ಸಮಿತಿಯಾಗಿ, ಇವನು ಅದರ ಅಧ್ಯಕ್ಷನಾದ. ಸುಧಾರಣೆ ಎಂದರೆ ಇವನ ಪ್ರಕಾರ ಸುತ್ತ ಗೋಡೆ, ಮುಂದೆ ಗೇಟು, ಗೇಟಿನಲ್ಲಿ ಟಿಕೀಟು, ಒಳಗೆ ಸಿಮೆಂಟಿನ ಬೆಂಚು. ಒಂದು ಗುರುವಾರ ಕಾಲುದಾರಿಗೆ ಡಾಂಬರು ಹಾಕುತ್ತಿದ್ದರು. ಹಾಡು ಅರ್ಧಕ್ಕೆ ಬಂದಿತ್ತು. ಇವನು ಹಸಿ ಡಾಂಬರಿನ ಮೇಲೆ ನಿಂತು ಕೆಲಸದವರಿಗೆ ಬೈದು, ಸುತ್ತಿ ಬರಲು ಬೇಸರವಾಗಿ, ನೆಟ್ಟಗೆ ಹಾಡುವವರ ಕಡೆ ನಡೆದ. ನಡುವೆ ನಾನಿದ್ದೆ. ಅವನ ಬೂಟು ನನ್ನ ಮೇಲೆ ಬಿದ್ದಾಗ ನನ್ನ ಒಂದೊಂದು ಎಳೆಯೂ ಉರಿಯಿತು.

"ಹಾಡು ಬಂದ್ ಮಾಡ್ರಿ. ಇವನ್ನೆಲ್ಲಾ ಎತ್ರಿ. ಬಿಟ್ಟಿ ಮಂದಿ ಹಾಸಿ ಹಾಸಿ ತ್ವಾಟ ಹಾಳ ಮಾಡೀರಿ. ನಾಳಿಂದ ಟಿಕೀಟ್ ತಗೊಂಡು ಬೆಂಚಿನ ಮ್ಯಾಲ ಕುಂದರ್ರಿ."

ನೀಲವ್ವ ಎದ್ದು ನಿಂತಳು. "ಸಾಹೇಬ್ರ, ಬೂಟು ತಗೀರಿ. ಮಂದಿ ಕುಂದರೋ ಜಮಖಾನ ಐತಿ ಇದು."

"ಬೂಟು ನೆಲದ ಮ್ಯಾಲ ಇಡದ ನಿನ್ನ ತಲಿಮ್ಯಾಲ ಇಡ್ಲೇನು?"

ಅಷ್ಟರಲ್ಲಿ ತಂಗೆವ್ವ ಏನಾಯಿತೆಂದು ಕೈಯಾಡಿಸಿದಳು. ಅವಳ ಅಂಗೈಗೆ ಸಿಕ್ಕಿದ್ದು ಅವನ ಬೂಟು. "ಯಾರದವ್ವಾ ಇದು, ನೀಲಾ? ಬಿಸಿ ಐತಿ" ಎಂದಳು. ಅವನು ಸರಕ್ಕನೆ ಕಾಲು ಎಳೆದುಕೊಂಡ. ಮುದುಕಿಯ ಅಂಗೈ ತುಂಬ ಡಾಂಬರು ಮೆತ್ತಿತು, ಉಳಿದದ್ದು ನನಗೆ. ಕ್ಷಮಿಸಿ ಎನ್ನಬಹುದಿತ್ತು. ಅಯ್ಯೋ ಎಂದಿದ್ದರೂ ಸಾಕಿತ್ತು. ಅವನು ಕಾವಲುಗಾರ ಯಲ್ಲಪ್ಪನ ಕಡೆ ತಿರುಗಿ, "ಈ ಜಮಖಾನ ಒಳಗ ಒಗಿ. ದಂಡ ಕಟ್ಟಿ ಒಯ್ಯಲಿ, ಅಂದ್ರ ಉಳದವ್ರಿಗೆ ಬುದ್ಧಿ ಬರ್ತೈತಿ" ಎಂದ.

ನಾನು ಸಾಮಾನಿನ ಕೋಣೆ ಸೇರಿದೆ. ಮಳೆಯ ನೀರು ಸಿಮೆಂಟಿಗೆ ತಾಗದಿರಲೆಂದು ನನ್ನನ್ನು ಚೀಲಗಳ ಮೇಲೆ ಹೊದಿಸಿದರು. ಪಂಜಾದ ಏಟು ತಿಂದು ಹುಟ್ಟಿದ ಮೈ ನನ್ನದು, ಇಲಿಗೆ, ಧೂಳಿಗೆ ಅಂಜಲಿಲ್ಲ. ಅಲ್ಲಿ ಬಿದ್ದುಕೊಂಡು ನಾನು ಒಂದೇ ಕೆಲಸ ಮಾಡಿದೆ, ಅವನನ್ನು ದ್ವೇಷಿಸಿದೆ. ಅವನ ಬೂಟಿನ ಸಪ್ಪಳ ಕೇಳಿದಾಗಲೆಲ್ಲ, ಇವನು ಜಾರಿ ಬೀಳಲಿ, ಇವನ ಹಲ್ಲು ಉದುರಲಿ, ಇವನಿಗೆ ಕೂರಲು ಜಗತ್ತಿನಲ್ಲಿ ಎಲ್ಲೂ ಜಾಗ ಸಿಗದಿರಲಿ ಎಂದು ಮನಸಾರೆ ಶಪಿಸಿದೆ. ಜಾಡಿಸಿದರೆ ನನ್ನಿಂದ ಸಿಮೆಂಟಿಗಿಂತ ಹೆಚ್ಚು ಸಿಟ್ಟು ಉದುರುತ್ತಿತ್ತು.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ನೀಲವ್ವನ ದನಿ ಕೇಳಿಸಿತು. ಗೇಟಿನಲ್ಲಿ ನಿಂತಿದ್ದಳು. ಮೊರಬದನೂ ಅಲ್ಲೇ ಇದ್ದ.

"ನಮ್ಮತ್ತಿ ತೀರಿಕೊಂಡ್ರು" ಎಂದಳು. "ಮಾತಾಡ್ಸಾಕ ಬಂದ ಮಂದಿ ಬರೇ ನೆಲದ ಮ್ಯಾಲ ಕುಂತು ಹ್ವಾದ್ರು. ಮನಿಯಾಗ ಇದ್ದ ಜಮಖಾನ ಒಂದ, ಅದು ನಿಮ್ಮ ಕಡೆ ಐತಿ."

"ದಂಡ ಕಟ್ಟು, ಒಯ್ಯಿ."

"ಕಟ್ಟಂಗಿಲ್ಲ."

ಅವಳು ಅತ್ತಿತ್ತ ಸರಿಯಲಿಲ್ಲ. ಯಲ್ಲಪ್ಪ ಒಳಗೆ ಬಂದು, ನನ್ನನ್ನು ಎತ್ತಿ ಕೊಡವಿ, ಅಧ್ಯಕ್ಷನ ಎದುರಿಗೇ ನೀಲವ್ವನ ತೋಳಿಗೆ ಹಾಕಿದ. ಮೊರಬದ ಏನೋ ಕೂಗಿದ. ಯಾರೂ ಕೇಳಲಿಲ್ಲ. ದಾರಿಯುದ್ದಕ್ಕೂ ಅವಳು ನನ್ನನ್ನು ಎದೆಗವಚಿಕೊಂಡು ಬಂದಳು. ಮುದುಕಿ ಕಡೆಯ ತನಕ ಗುರುವಾರದ ಹಾಡಿನ ಬಗ್ಗೆಯೇ ವಿಚಾರಿಸುತ್ತಿದ್ದಳಂತೆ. "ನೀಲಾ, ತ್ವಾಟಕ್ಕ ಯಾವಾಗ ಹೋಗೂಣು?" ಎಂದು ಕೇಳುತ್ತಲೇ ಹೋದಳಂತೆ. ಇದನ್ನು ನೀಲವ್ವ ಗಂಡನ ಮುಂದೆ ನೆನೆಸಿಕೊಳ್ಳುವಾಗ ನಾನು ಅವಳ ತೊಡೆಯ ಮೇಲಿದ್ದೆ.

ಫಕೀರಪ್ಪ ಸೀಮೆಎಣ್ಣೆಯ ಬಾಟಲಿ ತಂದ. "ಕಲೆ ತಗೀಲೇನು? ನಮ್ಮ ಅಂಗಡ್ಯಾಗ ಇಂಥಾವು ದಿನಾ ತಿಕ್ತೀನಿ."

"ಮುಟ್ಟಬ್ಯಾಡ್ರಿ" ಎಂದಳು ನೀಲವ್ವ. "ಆ ಕಲೆ ಇರಲಿ. ಅದಕ್ಕ ಕೆಲಸ ಐತಿ."

ಆ ಕ್ಷಣದಿಂದ ನಾವಿಬ್ಬರೂ ಒಂದಾದೆವು. ಮುಂದಿನ ಗುರುವಾರ ಅವಳು ನನ್ನನ್ನು ತೋಟದ ಗೇಟಿನ ಎದುರಿಗೆ, ರಸ್ತೆಯಾಚೆಯ ಬೇವಿನ ಕಟ್ಟೆಯ ಮೇಲೆ ಹಾಸಿದಳು. ಮಕ್ಕಳೊಂದಿಗೆ ಗಿರ್ಮಿಟ್ ತಿನ್ನುತ್ತ ಕೂತಳು. ಮುಂದಿನ ವಾರ ಪಕ್ಕದ ಓಣಿಯವರು ತಮ್ಮ ಚಾಪೆ ತಂದರು. ಒಳಗೆ ಸಾಲಾಗಿ ಖಾಲಿ ಬಿದ್ದಿದ್ದ ಬೆಂಚುಗಳಿಗೆ ಹಾಡಿ ಹಾಡಿ ದತ್ತೋಪಂತ ಮಾಸ್ತರರಿಗೂ ಸಾಕಾಗಿತ್ತು. ಒಂದು ಸಂಜೆ ಅವರು ಹಾರ್ಮೋನಿಯಂ ಬಗಲಲ್ಲಿ ಹೊತ್ತುಕೊಂಡು ಗೇಟು ದಾಟಿ ಬಂದು, "ನೀಲವ್ವಾ, ಸ್ವಲ್ಪ ಸರೀರಿ, ನಿಮ್ಮ ಮಂದಿ ಇಲ್ಲದ ಸ್ವರ ಹತ್ತಲೊಲ್ಲವು" ಎಂದರು. ಗೇಟಿನ ಒಳಗೆ ಮೊರಬದ ಒಬ್ಬನೇ ನಿಂತಿದ್ದ. ಅವನ ಮುಖ ಕಂಡು ನನ್ನ ಎರಡೂ ನವಿಲುಗಳು ಕುಣಿದವು.

ಆಮೇಲೆ ಊರಿಗೆ ಊರೇ ಕಟ್ಟೆಯ ಮೇಲೆ. ತೋಟದೊಳಗೆ ಬೆಂಚಿನ ಮೇಲೆ ನಾಯಿಗಳು. ಟಿಕೀಟಿನವನ ಸಂಬಳವೂ ಹುಟ್ಟದೆ, ಸಮಿತಿ ಕಚ್ಚಾಡಿ, ಅಧ್ಯಕ್ಷನನ್ನು ಕಿತ್ತು ಹಾಕಿ, ತಾನೂ ಮುಚ್ಚಿಹೋಯಿತು. ಗೇಟು ತೆರೆದುಕೊಂಡಿತು. ಟಿಕೀಟಿನ ಗೂಡಿನಲ್ಲಿ ಮಾಲಿ ಕುಡುಗೋಲು ಇಟ್ಟುಕೊಂಡ. ನಾವು ಮತ್ತೆ ಮಳೆಮರದ ಬುಡಕ್ಕೆ ಹೋದೆವು. ಎಲ್ಲರೂ ಗೆದ್ದೆವೆಂದು ಖುಷಿಪಟ್ಟರು, ನಾನು ಪಡಲಿಲ್ಲ. ತಂಗೆವ್ವ ಕೂರುತ್ತಿದ್ದ ಜಾಗ ಖಾಲಿಯೇ ಇತ್ತು. ಅಲ್ಲಿ ಯಾರನ್ನೂ ಕೂರಲು ನೀಲವ್ವ ಬಿಡುತ್ತಿರಲಿಲ್ಲ. ಯಾಕೆಂದು ಕೇಳಿದರೆ, "ಒಬ್ಬರು ಬರಬೇಕಾಗೈತಿ" ಎನ್ನುತ್ತಿದ್ದಳು.

ವರ್ಷಗಳು ಕಳೆದವು. ನೀಲವ್ವನ ತಲೆ ಬೆಳ್ಳಗಾಯಿತು, ಹೆಣ್ಣುಮಕ್ಕಳು ಗಂಡನ ಮನೆ ಸೇರಿದರು, ನನ್ನ ಹಳದಿ ಮಾಸಿತು. ಒಂದು ಗುರುವಾರ ಕೋಲೂರಿಕೊಂಡು ಒಬ್ಬ ಮುದುಕ ಬಂದ. ದಿನಾ ನಡೆಯಬೇಕೆಂದು ಡಾಕ್ಟರು ಹೇಳಿರಬೇಕು. ಹಿಂದಿನ ಸಾಹೇಬನ ಗತ್ತು ಎಲ್ಲೂ ಇರಲಿಲ್ಲ, ಕಾಲಲ್ಲಿ ಬೂಟೂ ಇರಲಿಲ್ಲ, ರಬ್ಬರಿನ ಚಪ್ಪಲಿ. ಅವನು ಹಾಕಿಸಿದ ಬೆಂಚುಗಳು ಒಡೆದು ಕಬ್ಬಿಣದ ಸರಳು ಎದ್ದಿದ್ದವು. ಮರಕ್ಕೆ ಆತುಕೊಂಡು ನಿಂತ. ಗುರುತಿದ್ದವರೆಲ್ಲ ಮುಖ ತಿರುಗಿಸಿದರು. ನನಗೆ ಅವನ ಹಿಮ್ಮಡಿ ಸಾಕಿತ್ತು, ಬೂಟಿಲ್ಲದಿದ್ದರೂ ಗುರುತು ಹಿಡಿದೆ. ಬೀಳು, ಬೀಳು ಎಂದು ಒಳಗೇ ಕೂಗಿದೆ.

ನೀಲವ್ವ ನಕ್ಕಳು. "ಬರ್ರಿ ಮೊರಬದ ಸಾಹೇಬ್ರ, ಯಾಕ ನಿಂತೀರಿ? ಇಲ್ಲಿ ಜಾಗಾ ಐತಿ. ಟಿಕೀಟಿಲ್ರೀ, ಎಲ್ಲಾರಿಗೂ ಬಿಟ್ಟಿ."

ಕೂತವರೆಲ್ಲ ತಿರುಗಿ ನೋಡಿದರು. ಅವನಿಗೆ ಬೇರೆ ದಾರಿಯಿರಲಿಲ್ಲ, ಕಾಲು ಕೈಕೊಟ್ಟಿತ್ತು. ಮುಂದೆ ಬಂದ.

"ಚಪ್ಪಲಿ ಅಲ್ಲೇ ಬಿಡ್ರಿ."

ಬಿಟ್ಟ. ಬಾಗಿದ. ಅಂಚಿನಿಂದ ದಾಟಿ, ತಂಗೆವ್ವನ ಜಾಗದಲ್ಲಿ, ಬೇರಿಗೆ ಬೆನ್ನು ಕೊಟ್ಟು ಕೂತ. ನನಗೆ ಅವಳ ಮೇಲೆ ಸಿಟ್ಟು ಬಂತು. ಇಷ್ಟು ವರ್ಷ ಕಾಯ್ದಿಟ್ಟ ಜಾಗವನ್ನು ಇವನಿಗೆ ಕೊಡುವುದೇ? ಮುಪ್ಪು ಬಂದು ಮೆತ್ತಗಾದಳೇ? ದತ್ತೋಪಂತ ಮಾಸ್ತರರ ಶಿಷ್ಯೆ ಶ್ರುತಿ ಹಿಡಿದು ಹಾಡಲು ಶುರುಮಾಡಿದಳು. ಅವನ ಮುಖ ಸಡಿಲವಾಯಿತು, ಬೆರಳು ನನ್ನ ಮೇಲೆ ತಾಳ ಹಾಕತೊಡಗಿತು. ಹಾಗೆ ಆಡುತ್ತ ಆಡುತ್ತ ಒಂದು ಒರಟು ಜಾಗಕ್ಕೆ ಬಂದು ನಿಂತಿತು.

"ಇದೇನು ಕಲೆ ಇದು? ಸೀಮೆಎಣ್ಣಿ ಹಚ್ಚಿದ್ರ ಹೋಗ್ತೈತಲ್ಲ" ಎಂದು ಪಿಸುಗುಟ್ಟಿದ.

"ಗೊತ್ತೈತ್ರಿ. ಬೇಕಂತ ಇಟ್ಟೀನಿ" ಎಂದಳು ನೀಲವ್ವ, ಅಷ್ಟೇ ಮೆಲ್ಲಗೆ. "ನಿಮ್ಮ ಬೂಟಿಂದು. ನೀವು ಈಗ ಕುಂತದ್ದು ನಮ್ಮತ್ತಿ ಜಾಗಾ. ಅಂಗೈಯಾಗ ನಿಮ್ಮ ಡಾಂಬರಿನ ಗುರುತು ಇಟ್ಕೊಂಡ ಮಣ್ಣಿಗೆ ಹ್ವಾದ್ರು."

ಅವನು ಏಳಲು ನೋಡಿದ. ಮಂಡಿ ಏಳಗೊಡಲಿಲ್ಲ. ಎದ್ದರೂ ಹಾಡಿನ ನಡುವೆ ಇಷ್ಟು ಜನರನ್ನು ದಾಟಿ ಹೋಗಬೇಕಿತ್ತು. ನೆಲ ನೋಡುತ್ತ ಕೂತ. ನಾನು ಅವನ ಕೆಳಗೆ ಹಾಯಾಗಿ ಮಲಗಿದ್ದೆ. ಹುಟ್ಟಿದಂದಿನಿಂದ ನಾನು ಹೊತ್ತ ಭಾರಗಳಲ್ಲಿ ಅಷ್ಟು ಸುಖ ಕೊಟ್ಟದ್ದು ಇನ್ನೊಂದಿಲ್ಲ. ಹಾಡು ಮುಗಿಯಬಾರದು ಎಂದು ಬೇಡಿಕೊಂಡೆ. ಆ ಹುಡುಗಿ ಅವತ್ತು ಬಹಳ ಹೊತ್ತು ಹಾಡಿದಳು.

ಈಗ ನನಗೆ ವಯಸ್ಸಾಗಿದೆ. ಅಂಚು ಹರಿದಿದೆ, ನೀಲವ್ವ ತೇಪೆ ಹಾಕುತ್ತಾಳೆ, ಕಲೆಯ ಸುತ್ತ ಮಾತ್ರ ಸೂಜಿ ಹೋಗುವುದಿಲ್ಲ. ಅವಳು ಅವನನ್ನು ಕ್ಷಮಿಸಿದಳೆಂದು ಓಣಿಯವರು ಹೊಗಳುತ್ತಾರೆ. ಹೊಗಳಲಿ. ಅವತ್ತಿನ ಹಾಡಾದ ಮೇಲೆ ಮುಂದಿನ ಗುರುವಾರ ಅವನು ಬರಲಾರನೆಂದು ನಾನು ತಿಳಿದಿದ್ದೆ. ಬಂದ. ಊರಲ್ಲಿ ಅವನನ್ನು ಕೂರಲು ಕರೆಯುವವರು ಬೇರೆ ಯಾರೂ ಇರಲಿಲ್ಲವೇನೋ. ಚಪ್ಪಲಿಯನ್ನು ದೂರದಲ್ಲಿ ಬಿಟ್ಟು, ನನ್ನನ್ನು ಮುಟ್ಟದೆ, ನನ್ನ ಅಂಚಿನಾಚೆ ಬರಿ ಮಣ್ಣಿನ ಮೇಲೆ ಕೂರಲು ಹೊರಟ.

ನೀಲವ್ವ ನನ್ನ ಮೇಲಿನ ಆ ಕಪ್ಪು ಹಿಮ್ಮಡಿಯನ್ನು ಅಂಗೈಯಿಂದ ತಟ್ಟಿದಳು. ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ, ಬೀಗರನ್ನು ಉಪಚರಿಸುವಷ್ಟು ಅಕ್ಕರೆಯಿಂದ ಕರೆದಳು.

"ಅಲ್ಲಲ್ರೀ ಸಾಹೇಬ್ರ, ನಿಮ್ಮ ಜಾಗಾ ಇಲ್ಲೈತಿ."