ಮೊದಲ ಸುತ್ತಿನ ಇಮ್ದಾದ್

ಇಮ್ದಾದ್ ರಸ್ತೆಯಲ್ಲಿ ನಡೆಯುವುದನ್ನು ಕಂಡವರಿಗೆ, ಈ ಮನುಷ್ಯ ಜೀವಮಾನದಲ್ಲಿ ಯಾವುದಕ್ಕೂ ಅವಸರಪಟ್ಟಿರಲಾರ ಎನಿಸುತ್ತಿತ್ತು. ಈಗಷ್ಟೇ ಸಾರಿಸಿದ ನೆಲದ ಮೇಲೆ ಕಾಲಿಡುವವನ ಹಾಗೆ ಹಿಮ್ಮಡಿಯನ್ನು ಮೊದಲು ಊರಿ, ಆಮೇಲೆ ಬೆರಳುಗಳನ್ನು ಇಳಿಸಿ, ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡು, ತಿಪಟೂರಿನ ಬಿ.ಎಚ್. ರಸ್ತೆಯ ಲಾರಿಗಳಿಗೆ ದಾರಿ ಬಿಡುತ್ತ ಅವನು ಅಂಗಡಿ ತಲುಪುವ ಹೊತ್ತಿಗೆ, ಜೊತೆಯಲ್ಲೇ ಮನೆ ಬಿಟ್ಟ ಅವನ ತಂದೆ ಕರೀಂ ಸಾಬ್ ಬಾಗಿಲು ತೆಗೆದು, ಕಸ ಗುಡಿಸಿ, ಹೊಲಿಗೆ ಯಂತ್ರದ ಮುಂದೆ ಕುಳಿತು ಅಂಗಿಯೊಂದಕ್ಕೆ ಕಾಲರು ಹಚ್ಚಿ ಮುಗಿಸಿರುತ್ತಿದ್ದರು. ಇದೇ ಇಮ್ದಾದ್ ೨೦೦೩ರಿಂದ ೨೦೦೬ರವರೆಗೆ ಹನ್ನೊಂದು ಸಲ ಕಣಕ್ಕಿಳಿದು ಹನ್ನೊಂದು ಸಲವೂ ಮೊದಲ ಸುತ್ತಿನಲ್ಲೇ ಗೆದ್ದ. ಒಂದು ಕಾಳಗಕ್ಕೆ ಮೂರು ಸುತ್ತು, ಸುತ್ತು ಎಂದರೆ ಮೂರು ನಿಮಿಷ. ಅವನ ಅತಿ ದೀರ್ಘ ಗೆಲುವಿಗೆ ಎರಡು ನಿಮಿಷ ನಲವತ್ತು ಸೆಕೆಂಡು ಹಿಡಿಯಿತು. ಅತಿ ಹ್ರಸ್ವವಾದದ್ದಕ್ಕೆ ಹತ್ತೊಂಬತ್ತು ಸೆಕೆಂಡು. ಇಷ್ಟು ಖಚಿತವಾಗಿ ಹೇಳಬಲ್ಲೆನೆಂದರೆ, ಗಡಿಯಾರ ನನ್ನ ಕೈಯಲ್ಲಿತ್ತು.

ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುತ್ತಿದ್ದ ನಾನು ಈ ಕೆಲಸಕ್ಕೆ ಬಂದದ್ದು ಮರುಳಪ್ಪನವರ ದಾಕ್ಷಿಣ್ಯಕ್ಕೆ. ಅವರು ಕೊಬ್ಬರಿ ವರ್ತಕರು, ಪ್ರಾಯದಲ್ಲಿ ಪೈಲ್ವಾನರು. ಮಂಡಿಯ ಹಿಂದಿನ ತಗಡಿನ ಕೊಟ್ಟಿಗೆಯಲ್ಲಿ ಒಂದು ಗರಡಿ ಇಟ್ಟಿದ್ದರು. ಕುಸ್ತಿಯ ಕೆಮ್ಮಣ್ಣಿನ ಪಕ್ಕದಲ್ಲೇ, ಕಾಲ ಬದಲಾದಂತೆ, ತೆಂಗಿನ ನಾರು ತುಂಬಿದ ಗೋಣಿಚೀಲವೊಂದು ತೊಲೆಯಿಂದ ಜೋತುಬಿದ್ದು ಒದೆತ ಗುದ್ದುಗಳಿಗೆ ಎದೆಯೊಡ್ಡತೊಡಗಿತ್ತು. ಕುಸ್ತಿಯ ಪಟ್ಟು, ಕರಾಟೆಯ ಒದೆತ, ಬಾಕ್ಸಿಂಗಿನ ಗುದ್ದು ಮೂರನ್ನೂ ಬೆರೆಸಿ ಆಡುವ ಹೊಸ ಕಾಳಗವನ್ನು ಬೆಂಗಳೂರು, ದಾವಣಗೆರೆಗಳ ಕೆಲವು ಸಂಘದವರು ಕಲ್ಯಾಣಮಂಟಪಗಳಲ್ಲಿ ನಡೆಸುತ್ತಿದ್ದ ಕಾಲ ಅದು. ನಮ್ಮೂರಿನವರ ಬಾಯಲ್ಲಿ ಅದರ ಹೆಸರು ಬರೀ ‘ಮಿಕ್ಸು’. "ಮೇಷ್ಟ್ರೇ, ನಿಮಗೆ ಯಾವ ಪಕ್ಷವೂ ಇಲ್ಲ. ಹೊತ್ತು ನೋಡಕ್ಕೆ ಬನ್ನಿ" ಎಂದು ಮರುಳಪ್ಪ ಕರೆದರು. ಪರವೂರುಗಳಲ್ಲಿ ಇಮ್ದಾದನ ಮೂಲೆಯಲ್ಲಿ ನಿಂತು, ನಮ್ಮೂರಿನಲ್ಲಾದರೆ ಗಂಟೆಯ ಮೇಜಿನ ಹಿಂದೆ ಕುಳಿತು, ನಾನು ಹೊತ್ತು ನೋಡಿದೆ.

ಕಾಳಗಕ್ಕೆ ಮುಂಚಿನ ಅವನ ನಡವಳಿಕೆ ವಿಚಿತ್ರವಾಗಿತ್ತು. ಎದುರಾಳಿಯ ಹೆಸರನ್ನು ಕೇಳುತ್ತಿರಲಿಲ್ಲ. ಯಾರಾದರೂ ಹೇಳಲು ಬಂದರೆ ಎದ್ದು ಹೋಗುತ್ತಿದ್ದ. ತಂದೆ ತಮಗಾಗಿ ಹೊಲಿದುಕೊಂಡು ಹಾಕದೆ ಬಿಟ್ಟಿದ್ದ ಒಂದು ಕಂದು ಕೋಟನ್ನು ಬರಿಮೈಮೇಲೆ ತೊಟ್ಟು, ಮಣಿಕಟ್ಟು ಮೀರಿ ಬೆರಳು ಮುಚ್ಚುತ್ತಿದ್ದ ಅದರ ತೋಳುಗಳೊಳಗೆ ಮುಷ್ಟಿ ಅಡಗಿಸಿ, ಗೋಡೆಗೆ ಮುಖ ಮಾಡಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಕೈಕುಲುಕಲು ಬಂದವರು ಅವನ ಬೆನ್ನು ನೋಡಿ ಹಿಂತಿರುಗುತ್ತಿದ್ದರು. ಕರೆದಾಗ ಎದ್ದು, ಕೋಟು ಕಳಚಿ, ಮಡಿಸಿ, ತಲೆ ತಗ್ಗಿಸಿಕೊಂಡೇ ಕಣದ ಮಧ್ಯಕ್ಕೆ ನಡೆಯುತ್ತಿದ್ದ. ಗಂಟೆಯ ನಾದ ಅಡಗುವ ಮೊದಲೇ ಅವನ ಬಲಗಾಲು ಎದುರಿನವನ ತೊಡೆಯ ಮೇಲಿರುತ್ತಿತ್ತು. ಮುಗಿದ ಮೇಲೆ ಆಡುತ್ತಿದ್ದ ಮಾತು ಒಂದೇ: "ಆಯ್ತಲ್ಲ, ಬುಡಿ." ಇದನ್ನು ನಾನು ಬಹುಕಾಲ ಅಹಂಕಾರವೆಂದೇ ತಿಳಿದಿದ್ದೆ.

ಹತ್ತೊಂಬತ್ತು ಸೆಕೆಂಡಿನ ಕಾಳಗ ನಡೆದದ್ದು ದಾವಣಗೆರೆಯಲ್ಲಿ. ಜನ ಇನ್ನೂ ಚಹಾ ಮುಗಿಸಿ ಒಳಗೆ ಬರುತ್ತಿದ್ದರು. ವ್ಯವಸ್ಥಾಪಕರು ಓಡಿಬಂದು, "ಏನ್ರೀ ಇದು, ಸ್ವಲ್ಪ ಹೊತ್ತಾದರೂ ಆಡಿಸಬಾರದಾ ಹುಡುಗನ್ನ?" ಎಂದು ಗೊಣಗಿದರು. ಮರುಳಪ್ಪ ಹೆಗಲ ವಲ್ಲಿ ಕೊಡವಿ, "ಆಡ್ಸಕ್ಕೆ ಇದೇನು ಕೋತಿ ಏನ್ರೀ?" ಎಂದರು.

ಅಂಗಡಿಯಲ್ಲಿ ಮಾತ್ರ ಅವನು ಬೇರೆಯೇ ಮನುಷ್ಯ. ಅಳತೆಯನ್ನು ಎರಡು ಸಲ ತೆಗೆದು, ಅನುಮಾನ ಬಂದರೆ ಮೂರನೆಯ ಸಲವೂ ಟೇಪು ಹಿಡಿಯುತ್ತಿದ್ದ. ಗುಂಡಿ ತೂರಿಸುವ ಒಂದು ಕಾಜಾ ಹೊಲಿಯಲು ಕುಳಿತರೆ ಹೊರಗೆ ಮೆರವಣಿಗೆ ಹೋದರೂ ಕಣ್ಣೆತ್ತುತ್ತಿರಲಿಲ್ಲ. ಹಾಲ್ಕುರಿಕೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹೊಂಬಾಳಮ್ಮ ಎಂಬ ಪ್ರಾಥಮಿಕ ಶಾಲೆಯ ಶಿಕ್ಷಕಿ ಒಂದು ರವಿಕೆಗಾಗಿ ನಾಲ್ಕನೆಯ ಸಲ ಬಂದ ದಿನ ನಾನು ಅಲ್ಲೇ ಇದ್ದೆ.

"ಹೊಡಿಯೋದಾದ್ರೆ ಎರಡು ನಿಮಿಷ, ಹೊಲಿಯೋದಾದ್ರೆ ಎರಡು ತಿಂಗಳು. ಏನು ಕರೀಂ ಸಾಬ್ರೇ, ನಿಮ್ಮ ಮಗನ ಕಥೆ?" ಎಂದು ಆಕೆ ಕೇಳಿದರು.

"ನೀವೂ ಒಂದ್ಸಲ ಕಣಕ್ಕೆ ಇಳೀರಿ ಅಮ್ಮ. ಬೇಗ ಆಯ್ತದೆ" ಎಂದರು ಕರೀಂ ಸಾಬ್. ಇಮ್ದಾದ್ ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಾಯಿತು.

೨೦೦೭ರ ಫೆಬ್ರವರಿಯಲ್ಲಿ ನಮ್ಮೂರಿನಲ್ಲೇ ಒಂದು ಪಂದ್ಯ ಏರ್ಪಾಟಾಯಿತು. ಗೆದ್ದವನನ್ನು ಪುಣೆಯ ಒಂದು ತರಬೇತಿ ಕೇಂದ್ರಕ್ಕೆ ಎರಡು ವರ್ಷ ಕಳಿಸುವುದೆಂದು ತೀರ್ಮಾನ. ಮರುಳಪ್ಪನವರ ಪಾಲಿಗೆ ಅದು ಗರಡಿಯ ಇಪ್ಪತ್ತು ವರ್ಷಗಳ ಫಲ. ಇಮ್ದಾದನಿಗೂ ಆಗ ಇಪ್ಪತ್ತಾರು. ಇನ್ನೊಂದು ಅವಕಾಶ ಬರುವ ವಯಸ್ಸಲ್ಲ. ಎದುರಾಳಿ ದಬ್ಬೇಘಟ್ಟದ ಮಹಾಂತೇಶ್. ತೋಟದಿಂದ ತೋಟಕ್ಕೆ ಹೋಗಿ ತೆಂಗಿನಕಾಯಿ ಸುಲಿದು ಹುರಿಗೊಂಡ ತೋಳುಗಳ ಇಪ್ಪತ್ತೆರಡರ ಯುವಕ.

ಅಂದಿನ ಮೊದಲ ಸುತ್ತು ನಾನು ಕಂಡ ಇಮ್ದಾದನ ಸುತ್ತುಗಳಲ್ಲೆಲ್ಲ ಶ್ರೇಷ್ಠವಾದದ್ದು. ಮಹಾಂತೇಶ್ ಮೂರು ಸಲ ನೆಲ ಹಿಡಿದ. ಎರಡನೆಯ ನಿಮಿಷದಲ್ಲಿ ಅವನ ಎಡಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಆದರೂ ಅವನು ಮೂರು ಸಲವೂ ಎದ್ದ. ಎರಡು ನಿಮಿಷ ಐವತ್ತು ಸೆಕೆಂಡಾಯಿತು. ಮುಂದಿನ ಹತ್ತನ್ನು ನಾನು ಉಸಿರು ಬಿಗಿಹಿಡಿದು ಎಣಿಸಿದೆ. ಗಂಟೆ ಬಾರಿಸಲೇಬೇಕಾಯಿತು.

ಒಂದು ನಿಮಿಷದ ವಿರಾಮ. ಇಮ್ದಾದನ ಬಾಳಿನಲ್ಲಿ ಅದು ಮೊದಲ ವಿರಾಮ. ಸ್ಟೂಲಿನ ಮೇಲೆ ಕುಳಿತ ಅವನೆದುರು ಗೋಡೆಯಿರಲಿಲ್ಲ, ಮಹಾಂತೇಶನ ಮೂಲೆಯಿತ್ತು. ಅಲ್ಲಿ ಅವನ ಸೋದರಮಾವ ಹುಬ್ಬಿಗೆ ಹತ್ತಿ ಒತ್ತುತ್ತಿದ್ದರು. ವೈದ್ಯರು ಬಗ್ಗಿ ನೋಡಿ ಏನೋ ಹೇಳಿದಾಗ ಹುಡುಗ ತಲೆಯಾಡಿಸಿ, "ಇಲ್ಲ ಸಾರ್, ಆಡ್ತೀನಿ" ಎಂದದ್ದು ನನ್ನ ಮೇಜಿಗೂ ಕೇಳಿಸಿತು. ಯಾರೋ ನೀರಿನ ಬಾಟಲಿ ಚಾಚಿದರು. ಅವನು ಕೈ ನೀಡಿದ. ಬಾಟಲಿಗೆ ಒಂದು ಗೇಣು ಈಚೆಗೆ ಗಾಳಿಯನ್ನು ಹಿಡಿದ. ಮತ್ತೆ ನೀಡಿದ, ಮತ್ತೆ ತಪ್ಪಿತು. ಕೊನೆಗೆ ಮಾವನೇ ಅವನ ಬೆರಳುಗಳನ್ನು ಬಾಟಲಿಯ ಸುತ್ತ ಮಡಚಿದರು. ಇಮ್ದಾದ್ ಅದನ್ನೇ ನೋಡುತ್ತಿದ್ದ.

ಎರಡನೆಯ ಸುತ್ತಿನಲ್ಲಿ ಅವನು ಹೊಡೆಯಲಿಲ್ಲ, ಮೂರನೆಯದರಲ್ಲೂ ಇಲ್ಲ. ಬಂದ ಗುದ್ದುಗಳಿಗೆ ತೋಳು ಒಡ್ಡಿದ, ತಬ್ಬಿ ಹಿಡಿದ, ಬಿಡಿಸಿಕೊಂಡು ಹಿಂದೆ ಸರಿದ. "ಅವನ ಎಡಕ್ಕೆ ಹೋಗ್ಲಾ! ಅವನಿಗೆ ಎಡಗಣ್ಣು ಕಾಣ್ತಿಲ್ಲ ಕಣ್ಲಾ!" ಎಂದು ಮರುಳಪ್ಪ ಹಗ್ಗ ಹಿಡಿದು ಕೂಗುತ್ತಲೇ ಇದ್ದರು. ಅವನಾದರೋ ಆರು ನಿಮಿಷವೂ ಮಹಾಂತೇಶನಿಗೆ ಕಾಣುವ ಕಡೆಗೇ, ಅವನ ಬಲಗಣ್ಣಿನ ಎದುರಿಗೇ, ನಿಂತು ಆಡಿದ. ಅಂಕಗಳ ಮೇಲೆ ಮಹಾಂತೇಶ್ ಗೆದ್ದ.

"ಮೂರು ನಿಮಿಷಕ್ಕೆ ದಮ್ಮು ಖಾಲಿ" ಎಂದು ಜನ ನಕ್ಕರು. ಊರೆಲ್ಲ ಅದೇ ಮಾತಾಯಿತು. ಮರುಳಪ್ಪ ನಾಲ್ಕು ತಿಂಗಳು ಅವನೊಡನೆ ಮಾತು ಬಿಟ್ಟರು. ಆದರೆ ಗಡಿಯಾರ ಹಿಡಿದವನು ಎದೆಗಳನ್ನೂ ನೋಡುತ್ತಾನೆ. ಕೊನೆಯ ಗಂಟೆಯ ಹೊತ್ತಿಗೆ ಮಹಾಂತೇಶನ ಎದೆ ತಿದಿಯಂತೆ ಏರಿಳಿಯುತ್ತಿದ್ದರೆ, ಇಮ್ದಾದನದು ಕಾಜಾ ಹೊಲಿಯಲು ಕುಳಿತವನದಷ್ಟೇ ಶಾಂತವಾಗಿತ್ತು. ವಾರದ ಮೇಲೆ ಅಂಗಡಿಗೆ ಹೋಗಿ ನೇರವಾಗಿ ಕೇಳಿದೆ. ಕರೀಂ ಸಾಬ್ ನಮಾಜಿಗೆ ಹೋಗಿದ್ದರು. ಅವನು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟ.

"ಮೊದಲ್ನೇ ಸುತ್ತಲ್ಲಿ ಎದುರಿಗೆ ಯಾರೂ ಇರಲ್ಲ ಮೇಷ್ಟ್ರೇ. ಒಂದು ಆಳು, ಅಷ್ಟೆಯ. ಅವತ್ತು ಅವನು ಕೂತ್ಕಂಡ. ನೀರು ಕೇಳ್ದ. ಬಾಟ್ಲಿ ಸಿಗಲಿಲ್ಲ ಅವನಿಗೆ." ಮತ್ತೆ ಸೂಜಿ ಕೈಗೆತ್ತಿಕೊಂಡು ಹೇಳಿದ: "ಆಮೇಲೆ ಹೆಂಗೆ ಹೊಡಿಯೋದು ಹೇಳಿ."

ಹೆಸರು ಕೇಳದಿರುವುದು, ಮುಖ ನೋಡದಿರುವುದು, ಗೋಡೆಗೆ ಕುರ್ಚಿ ಹಾಕುವುದು ಇವೆಲ್ಲ ನನಗೆ ಅರ್ಥವಾದದ್ದು ಆಗ. ನಾಲ್ಕು ವರ್ಷ ತಪ್ಪು ತಿಳಿದದ್ದಕ್ಕೆ ನಾಚಿಕೆಯೂ ಆಯಿತು.

ಅನಂತರ ಅವನು ಇನ್ನೆರಡು ಸಲ ಕಣಕ್ಕಿಳಿದ. ಹಾಸನದಲ್ಲಿ ಒಂದೂವರೆ ನಿಮಿಷದಲ್ಲಿ ಗೆದ್ದ. ಬೆಂಗಳೂರಿನಲ್ಲಿ ಕಾಳಗ ಎರಡನೆಯ ಸುತ್ತಿಗೆ ಹೋಯಿತು, ಸೋತ. ಅಲ್ಲಿಗೆ ತಾನೇ ನಿಲ್ಲಿಸಿ ಪೂರ್ತಿ ಹೊಲಿಗೆಗೆ ಕುಳಿತ.

೨೦೦೯ರ ಬೇಸಿಗೆಯಲ್ಲಿ ಮಹಾಂತೇಶ್ ಅಂಗಡಿಗೆ ಬಂದ. ಪುಣೆಯ ತರಬೇತಿ ಮುಗಿಸಿ, ಅಲ್ಲೇ ಹುಡುಗರಿಗೆ ಹೇಳಿಕೊಡುವ ಕೆಲಸ ಹಿಡಿದಿದ್ದ. ಮದುವೆ ಗೊತ್ತಾಗಿ ಸೂಟು ಹೊಲಿಸಲು ಬಂದಿದ್ದ. ಕಣ್ಣು ಸರಿಯಾಗಿತ್ತು, ಹುಬ್ಬಿನ ಮೇಲೊಂದು ಬಿಳಿಗೆರೆ ಉಳಿದಿತ್ತು. ನಾನು ಬೆಂಚಿನ ಮೇಲಿದ್ದೆ. ಇಮ್ದಾದ್ ಭುಜದ ಅಳತೆಯನ್ನು ಎರಡನೆಯ ಸಲ ತೆಗೆಯುತ್ತಿದ್ದಾಗ ಅವನು ಕೇಳಿದ:

"ಅಣ್ಣ, ಒಂದು ಮಾತು. ಅವತ್ತು ನಂಗೆ ಅರ್ಧ ಕಣ ಕಾಣ್ತಿರಲಿಲ್ಲ. ನೀನು ಯಾಕೆ ಹೊಡೀಲಿಲ್ಲ? ಬುಟ್ಟುಕೊಟ್ಟಾ?"

ಅವನ ದನಿಯಲ್ಲಿ ಎರಡು ವರ್ಷದ ಅಳುಕಿತ್ತು. ಇಮ್ದಾದ್ ಟೇಪನ್ನು ಕತ್ತಿಗೆ ಹಾಕಿಕೊಂಡು, ಅವನ ಮುಖವನ್ನೇ ನೋಡಿ ನಕ್ಕ.

"ಬುಟ್ಟುಕೊಡಾದೆಲ್ಲಿ ಬಂತು ಕಣಪ್ಪ. ಉಸಿರು ಕಟ್ಟೋಗಿತ್ತು ನಂಗೆ. ನೀನು ಗೆದ್ದೆ. ಕೈ ಎತ್ತು, ಎದೆ ಸುತ್ತಳತೆ ತಗೋತೀನಿ."

ಮಹಾಂತೇಶ್ ನನ್ನ ಕಡೆ ತಿರುಗಿದ. ಹೊತ್ತು ನೋಡಿದವನು ನಾನೇ ಎಂದು ಅವನಿಗೆ ನೆನಪಿತ್ತು. "ಹೌದಪ್ಪ, ಮೂರು ನಿಮಿಷದ ಮೇಲೆ ಇವನದು ನಡೆಯಲ್ಲ" ಎಂದೆ. ಹುಡುಗ ನಿರಾಳವಾಗಿ ಕೈ ಎತ್ತಿದ.

ಆರಂಭದಲ್ಲೇ ಮುಗಿಸುವ ಕಲಿಗಳನ್ನು ಆಮೇಲೂ ಹಲವು ಕಣಗಳಲ್ಲಿ ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ಎರಡನೆಯ ಸುತ್ತಿಗೆ ನಿಜಕ್ಕೂ ಉಸಿರು ಸಾಲದವರು. ಕೆಲವರು ಸಿಟ್ಟು ಇಳಿದರೆ ಕೈಯೂ ಇಳಿದುಹೋಗುವವರು. ಅಪರೂಪಕ್ಕೊಬ್ಬ ಮಾತ್ರ ಇನ್ನೊಂದು ಬಗೆಯವನು: ತನ್ನಲ್ಲಿರುವ ನಿರ್ದಯೆ ಎಷ್ಟು ಹೊತ್ತಿನದೆಂದು ತಾನೇ ಅಳೆದುಕೊಂಡು, ಅದು ತೀರುವುದರೊಳಗೆ ಕೆಲಸ ಪೂರೈಸಲು ಧಾವಿಸುವವನು. ಅಂಥವನು ಸೋತಾಗ ಕಾರಣ ಹೇಳುವುದಿಲ್ಲ. ಹೇಳಿದರೆ ಗೆದ್ದವನ ಗೆಲುವು ಕಿರಿದಾಗುತ್ತದೆ ಎಂಬುದು ಅವನಿಗೆ ಗೊತ್ತು. ಆದ್ದರಿಂದ ಲೋಕ ಅಂಥವರನ್ನು ದಮ್ಮಿಲ್ಲದವರ ಸಾಲಿಗೇ ಸೇರಿಸುತ್ತದೆ, ಅವರೂ ಅಲ್ಲೇ ನೆಮ್ಮದಿಯಾಗಿ ಕುಳಿತಿರುತ್ತಾರೆ.