ಬೆಂಚಿನ ಮೇಲಿನ ತಟ್ಟು

ಆ ಬೆಳಗ್ಗೆ ಶಿವಮೊಗ್ಗದ ಮೇಲೆ ಮೋಡ ಕವುಚಿಕೊಂಡು ಕೂತಿತ್ತು. ಮಳೆಯೂ ಇಲ್ಲ, ಬಿಸಿಲೂ ಇಲ್ಲ, ಎಲೆ ಅಲುಗುವಷ್ಟು ಗಾಳಿಯೂ ಇಲ್ಲ. ದುರ್ಗಿಗುಡಿಯ ಕಾಲೇಜಿನಲ್ಲಿ ಇತಿಹಾಸ ಹೇಳುವ ಸಮತಾಗೆ ಅಂದು ಮೂಲೆಯ ಪುಟ್ಟ ಕೋಣೆಯ ಪರೀಕ್ಷೆ ಕಾಯುವ ಕೆಲಸ ಬಿದ್ದಿತ್ತು. ಕೋಣೆಯಲ್ಲಿ ಇದ್ದವರು ಇಬ್ಬರೇ ಹುಡುಗಿಯರು. ಭದ್ರಾವತಿ ಓಲ್ಡ್ ಟೌನಿನ ಮಾಹಿರಾ, ಹುಟ್ಟಿನಿಂದ ಕಣ್ಣು ಕಾಣದವಳು, ಎರಡನೇ ಪಿಯುಸಿ ಗಣಿತ ಬರೆಯಲು ಬಂದಿದ್ದಳು. ಅವಳಿಗೆ ಪ್ರಶ್ನೆ ಓದಿ, ಅವಳು ಹೇಳಿದ್ದನ್ನು ಬರೆಯಲು ಬಂದವಳು ಅದೇ ಊರಿನ ಪ್ರಿಯದರ್ಶಿನಿ.

ಹಿಂದಿನ ವರ್ಷ ಬೇರೆಲ್ಲೋ ಇಂಥದೇ ಸಹಾಯಕನೊಬ್ಬ ಕೆಮ್ಮಿ ಕೆಮ್ಮಿ ಉತ್ತರ ಹೇಳಿಕೊಟ್ಟು, ಕೋಣೆಯಲ್ಲಿದ್ದ ಮೇಷ್ಟರಿಗೆ ನೋಟಿಸ್ ಬಂದಿತ್ತು. ಹಾಗಾಗಿ ಸಮತಾ ಮನಸ್ಸಿನಲ್ಲೇ ದೇವರ ನಾಮ ಹೇಳಿಕೊಂಡು ಕೂತಿದ್ದರೂ ಕಣ್ಣು ಮಾತ್ರ ಪ್ರಿಯದರ್ಶಿನಿಯ ಕೈ ಮೇಲೇ ಇತ್ತು.

ಆ ಕೈ ಸುಮ್ಮನಿರಲಿಲ್ಲ. ಓದುತ್ತ ಓದುತ್ತ ಒಂದು ಬೆರಳು ಬೆಂಚನ್ನು ಒಮ್ಮೆ ತಟ್ಟುತ್ತಿತ್ತು, ತುಸು ಹೊತ್ತಿಗೆ ಎರಡು ಸಲ. ಆಮೇಲೆ ಅಂಗೈ ಮರವನ್ನು ಉದ್ದಕ್ಕೆ ಸವರುತ್ತಿತ್ತು. ಮಾಹಿರಾಳ ಕೈಯೂ ಅದೇ ಮರದ ಮೇಲೆ, ನೆಲಕ್ಕೆ ಕಿವಿಯಿಟ್ಟವರ ಹಾಗೆ ಮಲಗಿತ್ತು. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳು ಅವು. ಒಂದು ತಟ್ಟಿದರೆ ಮೊದಲನೆಯದು, ಎರಡು ತಟ್ಟಿದರೆ ಎರಡನೆಯದು. ಇದಕ್ಕಿಂತ ಸಲೀಸಾದ ಕಳ್ಳಾಟ ಇನ್ನೇನಿದೆ?

ಸಮತಾ ಎದ್ದು ಬಂದು ಉತ್ತರ ಪತ್ರಿಕೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ನಕಲು ಎಂದು ಬರೆದುಕೊಟ್ಟರೆ ಮಾಹಿರಾಳ ವರ್ಷ ಹೋದ ಹಾಗೆ. ಅದು ಮೂವರಿಗೂ ಗೊತ್ತಿತ್ತು.

"ಏನಮ್ಮ ಇದು, ತಬಲಾ?"

ಪ್ರಿಯದರ್ಶಿನಿ ಬಿಳಿಚಿಕೊಂಡಳು. "ಬ್ರಾಕೆಟ್ ಮೇಡಂ. ಒಂದು ತಟ್ಟಿದ್ರೆ ಶುರು, ಎರಡು ತಟ್ಟಿದ್ರೆ ಮುಗೀತು ಅಂತ. ಸವರೋದು ಭಾಗಾಕಾರದ ಗೆರೆ. ಉತ್ತರ ಗೊತ್ತಿದ್ದಿದ್ರೆ ನಾನ್ಯಾಕೆ ಆರ್ಟ್ಸ್ ಸೇರ್ತಿದ್ದೆ?"

ಮಾಹಿರಾ ಮೆಲ್ಲಗೆ ವಿವರಿಸಿದಳು. ಹೈಸ್ಕೂಲಿನಲ್ಲಿ ಇಬ್ಬರಿಗೂ ಲೆಕ್ಕ ಹೇಳಿಕೊಟ್ಟ ಹೂವಪ್ಪ ಮೇಷ್ಟರ ಪಾಠದಲ್ಲಿ ಒಬ್ಬರು ಲೆಕ್ಕ ಓದಬೇಕು, ಉಳಿದವರು ಬೋರ್ಡಿಗೆ ಬೆನ್ನು ಹಾಕಿ ಕೂತು ಬರೆಯಬೇಕು. ಬರೆದದ್ದು ಬೋರ್ಡಿಗೆ ಹೊಂದದಿದ್ದರೆ ಅದು ಓದಿದವರ ತಪ್ಪು. ಮಾಹಿರಾ ಸೇರಿದ ಮೇಲೆ ಅದಕ್ಕೆ ತಟ್ಟುವುದು, ಸವರುವುದು ಕೂಡಿಕೊಂಡಿತ್ತು.

ಕಥೆ ಚೆನ್ನಾಗಿ ಕಟ್ಟಿದ್ದಾರೆ ಅನ್ನಿಸಿತು ಸಮತಾಗೆ. ಇನ್ನು ತಾನೇ ಓದುತ್ತೇನೆಂದು ಪ್ರಶ್ನೆ ಪತ್ರಿಕೆ ತೆಗೆದುಕೊಂಡಳು. "ಎಕ್ಸ್ ಪ್ಲಸ್ ಟು ಬೈ ಎಕ್ಸ್ ಮೈನಸ್ ಫೈವ್ ಸ್ಕ್ವೇರ್."

ಮಾಹಿರಾ ಕಾದಳು. "ಮೇಡಂ, ಗೆರೆ ಕೆಳಗೆ ಎಕ್ಸ್ ಒಂದೇನಾ, ಮೈನಸ್ ಫೈವೂ ಇದ್ಯಾ? ಸ್ಕ್ವೇರ್ ಯಾರ ತಲೆ ಮೇಲೆ ಕೂತಿದೆ?"

ಸಮತಾ ಮತ್ತೆ ಓದಿದಳು, ಈ ಸಲ ಗಟ್ಟಿಯಾಗಿ. ಗಟ್ಟಿ ಓದಿದರೂ ಸ್ಕ್ವೇರ್ ಎಲ್ಲಿಯದೆಂದು ಆ ಮಾತಿನಲ್ಲಿ ಇರಲಿಲ್ಲ. ಕಾಗದದ ಮೇಲೆ ಕಣ್ಣಿಗೆ ಅಷ್ಟು ನಿಚ್ಚಳವಾಗಿದ್ದದ್ದು ಬಾಯಿಗೆ ಬರುವಷ್ಟರಲ್ಲಿ ಕಲಸಿಹೋಗಿತ್ತು.

ಆದರೂ ಅನುಮಾನ ಬಿಡಲಿಲ್ಲ. ತನ್ನ ಡ್ಯೂಟಿ ಚೀಟಿಯ ಹಿಂದೆ ತೋಚಿದ ಹಾಗೆ ಅಕ್ಷರ, ಅಂಕಿ, ಬ್ರಾಕೆಟ್, ಗೆರೆ ಗೀಚಿದಳು. ಅದಕ್ಕೆ ಉತ್ತರವೆಂಬುದೇ ಇರಲಿಲ್ಲ. ಇಲ್ಲದ ಉತ್ತರವನ್ನು ಯಾವ ಬೆರಳು ಹೇಳಿಕೊಟ್ಟೀತು? ಪ್ರಿಯದರ್ಶಿನಿ ಓದಿದಳು, ತಟ್ಟಿದಳು, ಸವರಿದಳು. ಗೆರೆಯ ಮೇಲೆ ಯಾವುದು, ಕೆಳಗೆ ಯಾವುದು, ಯಾವ ಬ್ರಾಕೆಟ್ಟಿನೊಳಗೆ ಯಾವುದಿದೆ ಎಂದು ಮಾಹಿರಾ ಒಂದೊಂದಾಗಿ ತಿರುಗಿ ಒಪ್ಪಿಸಿದಳು. ಚೀಟಿಯಲ್ಲಿದ್ದದ್ದು ಹಾಗೇ ಇತ್ತು.

ಸಮತಾ ಉತ್ತರ ಪತ್ರಿಕೆಯನ್ನು ಅವರ ಮುಂದಿಟ್ಟು ಬಾಗಿಲಿಗೆ ಹೋದಳು. ವರಾಂಡದಲ್ಲಿದ್ದ ಮುಖ್ಯ ಅಧೀಕ್ಷಕರನ್ನು ಕರೆದು, ಸುಮ್ಮನೆ ಅನುಮಾನಪಟ್ಟು ಈ ಮಕ್ಕಳನ್ನು ತಡೆದು ಕೂರಿಸಿದೆ, ಹೋದ ಹೊತ್ತು ಇವರಿಗೆ ಸಿಗಬೇಕು ಎಂದಳು. ಅವರು ಇವಳ ಮುಖವನ್ನೊಮ್ಮೆ ನೋಡಿ, ಗಡಿಯಾರ ನೋಡಿ, ಆಗಲಿ ಎಂದು ತಲೆಯಾಡಿಸಿದರು. ಒಳಗೆ ಬೆಂಚಿನ ಮೇಲೆ ತಟ್ಟುವುದು ಮತ್ತೆ ಶುರುವಾಗಿತ್ತು.

ಬೇರೆ ಕೋಣೆಗಳು ಖಾಲಿಯಾಗಿ, ಕೊನೆಗೆ ಇವರಿಗೆಂದು ಕೊಟ್ಟ ಹೆಚ್ಚಿನ ಹೊತ್ತೂ ಮುಗಿಯಿತು. ಪ್ರಿಯದರ್ಶಿನಿ ಅರ್ಧ ಬರೆದ ಲೆಕ್ಕವನ್ನು ಹಾಗೇ ಬಿಟ್ಟು ಪತ್ರಿಕೆ ಮುಚ್ಚಲು ಹೋದಳು.

ಸಮತಾ ಕೈ ಚಾಚಲಿಲ್ಲ.

"ನಾನು ತಿಂದ ಹೊತ್ತು ಇನ್ನೂ ಬಾಕಿ ಇದೆ ಕಣ್ರಮ್ಮ. ಬರೀರಿ," ಎಂದು ಬಾಗಿಲನ್ನು ಸದ್ದಾಗದಂತೆ ಮುಂದಕ್ಕೆ ಎಳೆದಳು.